ಬಿಲ್ಲೆ ನಂಬರು ಇನ್ನೂರಾ ಹದಿನಾಲ್ಕು

೧೯೮೨ರ ಫೆಬ್ರವರಿ ಹದಿನೈದು, ಸೋಮವಾರ ಬೆಳಿಗ್ಗೆ ಉಳವಪ್ಪನ ಮೇಜಿನ ಮೇಲೆ ಖಾನಾಪುರದಿಂದ ಒಂದು ಕಾಗದ ಬಂದಿತ್ತು. ಉಳವಪ್ಪ ಬೆಳಗಾವಿಯಲ್ಲಿ ಟಿಳಕವಾಡಿ ಭಾಗದ ಸ್ಯಾನಿಟರಿ ಇನ್‌ಸ್ಪೆಕ್ಟರ್. ಗಟಾರ, ಸಂಡಾಸು, ಹೋಟೆಲಿನ ಅಡಿಗೆಮನೆ, ಕಾಲರಾ ಸೂಜಿ, ಜೊತೆಗೆ ಬೀದಿನಾಯಿಗಳ ಕೆಲಸ, ಇಷ್ಟು ಅವನ ಪಾಲಿಗಿತ್ತು. ಕಾಗದ ಬರೆದವರು ಖಾನಾಪುರದ ಸರಕಾರಿ ದವಾಖಾನೆಯ ಡಾಕ್ಟರು. ಶುಕ್ರವಾರ ಸಂಜೆ ಅಲ್ಲಿಯ ಪೇಟೆಯಲ್ಲಿ ಒಂದು ಕಂದು ನಾಯಿ ಮೂವರನ್ನು ಕಚ್ಚಿದೆ, ಜನ ಅದನ್ನು ಬಡಿದು ಕೊಂದಿದ್ದಾರೆ, ಲಕ್ಷಣವೆಲ್ಲ ಹುಚ್ಚಿನದೇ, ಕೊರಳಲ್ಲಿ ನಿಮ್ಮ ಊರಿನ ಲೈಸೆನ್ಸ್ ಬಿಲ್ಲೆ ಇದೆ, ನಂಬರು ಇನ್ನೂರಾ ಹದಿನಾಲ್ಕು, ಮಾಲೀಕರು ಯಾರೆಂದು ಕೂಡಲೇ ತಿಳಿಸಬೇಕು. ಬರೆದದ್ದು ಇಷ್ಟೇ.

ಉಳವಪ್ಪ ರಿಜಿಸ್ಟರು ತೆಗೆದ. ಇನ್ನೂರಾ ಹದಿನಾಲ್ಕನೆಯದು, ಮಿಲಿಟರಿ ಕ್ಯಾಂಪಿನ ಕಡೆಯಿಂದ ಬಂದು ಟಿಳಕವಾಡಿಯಲ್ಲಿ ಬಾಡಿಗೆಗಿದ್ದ ಒಂದು ಕುಟುಂಬದ ನಾಯಿ. ಅವರು ವರ್ಗವಾಗಿ ಹೋಗುವಾಗ ಅದನ್ನು ಬೀದಿಗೆ ಬಿಟ್ಟಿದ್ದರು. ಎದುರಿನ ಕಾಲಮ್ಮಿನಲ್ಲಿ ಹೀಗಿತ್ತು: ‘ದಿನಾಂಕ ೧೯-೧-೮೨ರಂದು ಹಿಡಿದು ನನ್ನ ಸಮಕ್ಷಮ ನಾಶಪಡಿಸಲಾಗಿದೆ.’ ಅದರ ಕೆಳಗೆ ಉಳವಪ್ಪನದೇ ಸಹಿ.

ಅವನು ಆ ಸಾಲನ್ನು ಮೂರು ಸಲ ಓದಿದ. ಎದ್ದು ಕಿಟಕಿಯ ತನಕ ಹೋದ, ವಾಪಸು ಬಂದು ಕುಳಿತ, ಮತ್ತೆ ಎದ್ದ. ಜನವರಿ ಹತ್ತೊಂಬತ್ತರಂದು ಅವನು ನಾಯಿಗಳನ್ನು ಕೊಂದು ಹೂಳುವ ಗುಂಡಿಯ ಹತ್ತಿರ ಹೋಗಿಯೇ ಇರಲಿಲ್ಲ. ಆ ದಿನ ಮಾತ್ರವಲ್ಲ, ದೀಪಾವಳಿಯಿಂದ ಒಮ್ಮೆಯೂ ಹೋಗಿರಲಿಲ್ಲ.

ಎರಡು ವರ್ಷದ ಹಿಂದೆ ಟಿಳಕವಾಡಿಯ ಒಂದು ಹುಡುಗಿ ಹುಚ್ಚುನಾಯಿ ಕಚ್ಚಿ ಸತ್ತಿದ್ದಳು. ಅದರಿಂದಾಗಿ ಹೋದ ದೀಪಾವಳಿಯ ಹೊತ್ತಿಗೆ ನಾಯಿ ಹಿಡಿಯುವ ಕೆಲಸಕ್ಕೆ ಬಿಗಿ ನಿಯಮಗಳಾದವು. ವಿಷದ ಪುಡಿ ಇನ್‌ಸ್ಪೆಕ್ಟರನ ಕಪಾಟಿನಲ್ಲಿ ಬೀಗದೊಳಗಿರಬೇಕು, ಅವನೇ ಅಳೆದು ಕೊಡಬೇಕು, ಆಟೋ ನಗರದ ಆಚೆ ತೋಡಿದ ಗುಂಡಿಯ ಬಳಿ ಅವನೇ ನಿಂತು ನೋಡಿ ಸಹಿ ಮಾಡಬೇಕು. ಉಳವಪ್ಪ ಒಂದೇ ಸಲ ನಿಂತು ನೋಡಿದ್ದ. ಮಾಂಸದುಂಡೆ ನುಂಗಿದ ನಾಯಿಗಳು ಕಾಲು ಸೆಟೆದು ಬಿಲ್ಲಿನ ಹಾಗೆ ಬಾಗಿ ಬಿದ್ದವು. ಪ್ರಾಣ ಹೋಗಲು ಹೊತ್ತು ಹಿಡಿಯಿತು. ಅವತ್ತು ಮನೆಗೆ ಬಂದವನು ಊಟ ಮಾಡಲಿಲ್ಲ. ಹೆಂಡತಿ ಗಂಗಾದೇವಿ ಕೇಳಿದರೆ ತಲೆನೋವು ಎಂದ. ಮುಂದಿನ ವಾರದಿಂದ ವಿಷದ ಪೊಟ್ಟಣವನ್ನು ಮಾಯಪ್ಪನ ಕೈಗೆ ಕೊಟ್ಟು ತಾನು ಕಚೇರಿಯಲ್ಲೇ ಉಳಿಯತೊಡಗಿದ. ಸಂಜೆ ಮಾಯಪ್ಪ ಬಂದು ಇಷ್ಟು ನಾಯಿ ಎಂದು ಹೇಳುವನು, ಕಾರಕೂನ ಬರೆದುಕೊಳ್ಳುವನು, ಉಳವಪ್ಪ ಸಹಿ ಮಾಡುವನು.

ಮಾಯಪ್ಪ ನಾಯಿ ಹಿಡಿಯುವ ತಂಡದ ಮುಖ್ಯಸ್ಥ. ಐವತ್ತರ ಹತ್ತಿರದವನು, ಕುರಿ ಕಾಯುವ ಮನೆತನದವನು. ಕುರಿ ಹೋದ ಮೇಲೆ ಊರು ಬಿಟ್ಟು ಬಂದು ಈ ಕೆಲಸಕ್ಕೆ ಸೇರಿದ್ದ. ಅವನು ಹಗ್ಗ ಬೀಸಿದರೆ ನಾಯಿ ತಪ್ಪಿಸಿಕೊಂಡದ್ದನ್ನು ಯಾರೂ ಕಂಡಿರಲಿಲ್ಲ.

ಉಳವಪ್ಪ ಸೈಕಲ್ ಹತ್ತಿ ನೇರ ಅವನ ಮನೆಗೆ ಹೋದ. ಮಾಯಪ್ಪ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಉಳವಪ್ಪ ಕಾಗದ ಓದಿ ಹೇಳಿದ. ಮಾಯಪ್ಪನ ಕೈ ನಿಂತಿತು. ಒಳಗೆ ಹೋಗಿ ಅಟ್ಟದ ಮೇಲಿನಿಂದ ಒಂದು ತಗಡಿನ ಡಬ್ಬಿ ಇಳಿಸಿ ತಂದು ಅವನ ಮುಂದಿಟ್ಟ. ಅದರೊಳಗೆ ಮೂರು ತಿಂಗಳಿಂದ ಉಳವಪ್ಪ ಕೊಟ್ಟ ಪೊಟ್ಟಣಗಳೆಲ್ಲ, ಕಟ್ಟಿದ ದಾರ ಕೂಡ ಬಿಚ್ಚದೆ ಹಾಗೇ ಇದ್ದವು.

“ಒಂದ ಸಲ ಹಾಕಿದ್ನಿರಿ ಸಾಹೇಬ್ರ. ಅವತ್ತ ನೀವೂ ಇದ್ರಿ. ಆಮ್ಯಾಲ ನನಗ ಕೈ ಬರಲಿಲ್ಲ.”

ಉಳಿದದ್ದನ್ನು ಅವನು ತಲೆ ತಗ್ಗಿಸಿ ಹೇಳಿದ. ಲೋಂಡಾಕ್ಕೆ ಕಟ್ಟಿಗೆ ತರಲು ಖಾಲಿ ಹೋಗುವ ಲಾರಿಯೊಂದರ ಡ್ರೈವರು ಅವನ ಪರಿಚಯದವನು. ಹಿಡಿದ ನಾಯಿಗಳನ್ನು ಗೋಣಿಚೀಲದಲ್ಲಿ ಕಟ್ಟಿ, ಲಾರಿಯಲ್ಲಿ ಹಾಕಿಕೊಂಡು, ಖಾನಾಪುರ ದಾಟಿದ ಮೇಲೆ ಅಡವಿಯ ಅಂಚಿಗೆ ಬಿಟ್ಟು ಬರುತ್ತಿದ್ದ. ಒಟ್ಟು ಇಪ್ಪತ್ತೇಳು ನಾಯಿ. ಅಡವಿಯಲ್ಲಿ ಹೇಗೋ ಬದುಕಿಕೊಳ್ಳುತ್ತವೆ ಎಂದುಕೊಂಡಿದ್ದ. ಅವು ಮನುಷ್ಯರ ವಾಸನೆ ಹಿಡಿದು ಊರೊಳಗೆ ಬಂದವು.

ಉಳವಪ್ಪನಿಗೆ ಬೈಯಬೇಕೆನಿಸಿತು.  ಆದರೆ ಮಕ್ಕಳು ಮಲಗುವ ಮನೆಯಲ್ಲಿ ಇಷ್ಟು ದಿನ ಆ ಡಬ್ಬಿ ಇತ್ತು ಎಂಬುದೇ ಅವನ ತಲೆಯಲ್ಲಿ ಸುತ್ತುತ್ತಿತ್ತು. ಡಬ್ಬಿಯನ್ನು ಕಚೇರಿಗೆ ತಂದು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೀಗವನ್ನು ಎರಡು ಸಲ ಎಳೆದು ನೋಡಿದ.

ಹೆಡ್ ಕ್ಲಾರ್ಕ್ ತಮ್ಮಣ್ಣ ಅವನ ಹಳೆಯ ಗೆಳೆಯ. ಕಾಗದ ನೋಡಿ ಬಾಗಿಲು ಓರೆ ಮಾಡಿಕೊಂಡು ಕುಳಿತ. ಬಿಲ್ಲೆ ಎಲ್ಲಿಯೋ ಬಿದ್ದಿತ್ತು, ಯಾರೋ ಎತ್ತಿಕೊಂಡು ಹಳ್ಳಿಯ ನಾಯಿಗೆ ಕಟ್ಟಿದರು ಎಂದು ಉತ್ತರ ಬರೆದರೆ ಮುಗಿಯಿತು, ಅಲ್ಲಿ ಯಾರು ಕೇಳುತ್ತಾರೆ ಎಂದ.  ಮೊದಲು ಕಚ್ಚಿಸಿಕೊಂಡವರಿಗೆ ಸೂಜಿ ಆಗಲಿ, ಉತ್ತರ ಆಮೇಲೆ ನೋಡೋಣ ಎಂದ ಉಳವಪ್ಪ. ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ.

ಮರುದಿನ ಬೆಳಗಿನ ಪ್ಯಾಸೆಂಜರಿಗೆ ಮಾಯಪ್ಪನನ್ನು ಕರೆದುಕೊಂಡು ಹೊರಟ. ಖಾನಾಪುರದಲ್ಲಿ ಹುಚ್ಚುನಾಯಿಯ ಸೂಜಿಮದ್ದು ಒಬ್ಬರಿಗಾಗುವಷ್ಟು ಮಾತ್ರ ಇದೆಯೆಂದು ಡಾಕ್ಟರು ಫೋನಿನಲ್ಲಿ ತಿಳಿಸಿದ್ದರು. ಅದಕ್ಕಾಗಿ ಉಳವಪ್ಪ ಬೆಳಗಾವಿಯಿಂದ ಥರ್ಮಾಸಿನಲ್ಲಿ ಮಂಜುಗಡ್ಡೆ ತುಂಬಿ ಸೀಸೆಗಳನ್ನು ಇಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆಯೇ ಹಿಡಿದು ಕೂತ. ದೇಸೂರು ಸ್ಟೇಷನ್ನು ಬರುವುದರೊಳಗೆ ಮೂರು ಸಲ ಮುಚ್ಚಳ ಬಿಗಿ ಮಾಡಿದ.

ಕಚ್ಚಿಸಿಕೊಂಡವರಲ್ಲಿ ಮೊದಲನೆಯವನು ಹಂಚಿನ ಭಟ್ಟಿಯಲ್ಲಿ ಕೆಲಸ ಮಾಡುವ ಈರಣ್ಣ. ಮೀನಖಂಡಕ್ಕೆ ಧೋತರದ ಮೇಲಿನಿಂದ ಹಲ್ಲು ನಾಟಿತ್ತು. ಅವನು ಶನಿವಾರವೇ ಸೂಜಿ ಶುರು ಮಾಡಿಸಿದ್ದ. ಎರಡನೆಯವರು ಬಾಳಾಸಾಹೇಬ, ರಿಟೈರಾದ ಫಾರೆಸ್ಟ್ ಗಾರ್ಡು. ಅಂಗಡಿಯ ಕಟ್ಟೆಯ ಮೇಲೆ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ನಾಯಿ ಕೆನ್ನೆಗೆ ಹಾರಿತ್ತು. ಅವರು ಅರಿಶಿನ ಮೆತ್ತಿ, ಯಾರೋ ಕೊಟ್ಟ ಬೇರಿನ ಔಷಧ ಕುಡಿದು, ನಾಲ್ಕು ದಿನ ಮನೆಯಲ್ಲೇ ಕುಳಿತಿದ್ದರು. ಡಾಕ್ಟರು ಎರಡು ಸಲ ಹೇಳಿ ಕಳಿಸಿದರೂ ಬಂದಿರಲಿಲ್ಲ. ಉಳವಪ್ಪ ಮನೆಗೆ ಹೋಗಿ ಕೈ ಮುಗಿದು ಕೇಳಿಕೊಂಡ. ಬೆಳಗಾವಿಯಿಂದ ಒಬ್ಬ ಅಧಿಕಾರಿ ತಾನಾಗಿ ಬಂದು ಹೀಗೆ ಕೇಳಿದ್ದಕ್ಕೆ ಅವರ ಹೆಂಡತಿ ಶಿವಬಸವ್ವ ಕರಗಿ ಹೋದಳು. ಅವಳೇ ಗಂಡನ ಅಂಗಿ ತಂದು ಕೊಟ್ಟು ಎಬ್ಬಿಸಿದಳು. ದಿನಕ್ಕೊಂದರಂತೆ ಹೊಟ್ಟೆಗೆ ಹಾಕುವ ಹದಿನಾಲ್ಕು ಸೂಜಿಗಳಲ್ಲಿ ಮೊದಲನೆಯದು ಬಿದ್ದಾಗ ಬಾಳಾಸಾಹೇಬ ನಕ್ಕು, ಕರಡಿ ಎದುರಾದಾಗಲೂ ಇಷ್ಟು ಅಂಜಿರಲಿಲ್ಲ ಎಂದರು.

ಮುಖಕ್ಕೆ ಕಚ್ಚಿದರೆ ಹುಚ್ಚು ಬೇಗ ತಲೆಗೇರುತ್ತದೆ, ತಡವಾಗಿದೆ ಎಂದು ಡಾಕ್ಟರು ಉಳವಪ್ಪನಿಗೆ ಬೇರೆಯಾಗಿ ಹೇಳಿದರು. ನಾಯಿಗೆ ಹುಚ್ಚು ಎಲ್ಲಿ ತಗುಲಿರಬಹುದು ಎಂದು ಉಳವಪ್ಪ ಕೇಳಿದ. ಊರಲ್ಲೇ ತಗುಲಿರಬಹುದು, ಅಡವಿಯಲ್ಲಿ ನರಿ ಕಚ್ಚಿರಲೂಬಹುದು, ಹೇಳಲಿಕ್ಕಾಗದು ಎಂದರು ಅವರು. ಆ ಉತ್ತರದಿಂದ ಉಳವಪ್ಪನಿಗೆ ಸಮಾಧಾನವೇನೂ ಆಗಲಿಲ್ಲ.

ಮೂರನೆಯವಳು ಯಾರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಲು ಮೂಡಲ ಕಡೆಯಿಂದ ಬಂದ ಹೆಂಗಸು, ಕೈಗೆ ಕಚ್ಚಿತು, ರಕ್ತ ಒರೆಸಿಕೊಂಡು ಮರಿಯನ್ನು ಎತ್ತಿಕೊಂಡು ಹೋದಳು, ಅಷ್ಟೇ ಸುದ್ದಿ. ಗದ್ದೆಯ ಯಜಮಾನ ಅವರು ಭಾನುವಾರ ನಂದಗಡದ ಕಡೆ ಹೋದರೆಂದ. ನಂದಗಡದಲ್ಲಿ ಬೀಡಿ ಎಂಬ ಊರಿನ ಕಡೆ ಎಂದರು. ಬೀಡಿಯಲ್ಲಿ ಕುರಿ ಬಂದೇ ಇಲ್ಲ ಎಂದರು. ಉಳವಪ್ಪ ಬಸ್ಸು ಹತ್ತಿ ಇಳಿದು, ಇಳಿದು ಹತ್ತಿ ಸುತ್ತಿದ. ರಾತ್ರಿ ಬೆಳಗಾವಿಗೆ ಹೋಗುವನು, ಬೆಳಿಗ್ಗೆ ಹೊಸ ಮಂಜು ತುಂಬಿಸಿಕೊಂಡು ಬರುವನು. ಗಂಗಾದೇವಿ ಬಡಿಸಿದ ಊಟದ ಎದುರು ಕುಳಿತು, ಎರಡು ತುತ್ತು ತಿಂದು ಎದ್ದು, ಮೊದಲನೇ ರೈಲ್ವೆ ಗೇಟಿನಿಂದ ಮೂರನೇ ಗೇಟಿನ ತನಕ ಸುಮ್ಮನೆ ನಡೆಯುವನು. ಮೂರನೆಯ ದಿನ ಏನೆಂದು ಅವಳು ಕೇಳಿದಾಗ ಎಲ್ಲ ಹೇಳಿದ. ಅವಳು ಅವನು ಬಿಟ್ಟ ಊಟದ ತಾಟನ್ನು ಎತ್ತಿಟ್ಟಳು. ಆಮೇಲೆ ಆ ಹೆಂಗಸು ಸಿಗಲಿ ಎಂದಷ್ಟೇ ಅಂದಳು.

ಮಾಯಪ್ಪ ಬಸ್ಸು ಹತ್ತಲಿಲ್ಲ. ಕುರಿಯ ಹಿಕ್ಕೆ ನೋಡಿಕೊಂಡು, ಕಡಿದ ಟೊಂಗೆ ನೋಡಿಕೊಂಡು ಕಾಲುದಾರಿಯಲ್ಲಿ ಹೋದ. ಶನಿವಾರ ಮಧ್ಯಾಹ್ನ ಇಟಗಿಯ ಹತ್ತಿರದ ಒಂದು ಗದ್ದೆಯಲ್ಲಿ ಅವಳನ್ನು ಕಂಡು, ಅಲ್ಲಿಂದ ಒಬ್ಬನ ಸೈಕಲ್ಲಿನ ಮೇಲೆ ಸುದ್ದಿ ಕಳಿಸಿದ. ಉಳವಪ್ಪ ಓಡಿದ. ಅವಳ ಹೆಸರು ಭರಮವ್ವ, ನಲವತ್ತರ ಆಸುಪಾಸು, ಗಂಡನಿಲ್ಲ, ಮೈದುನನ ಜೊತೆ ಕುರಿ ಕಾಯುತ್ತಿದ್ದಳು. ಎಡಗೈಯ ಮಣಿಕಟ್ಟಿನಲ್ಲಿ ಗಾಯ ಹೆಚ್ಚುಕಡಿಮೆ ಮಾಯ್ದಿತ್ತು. ನಾಯಿ ಕಚ್ಚಿದ್ದು ಇದೇ ಮೊದಲಲ್ಲ, ತಂಬಾಕು ಹಚ್ಚಿದ್ದೇನೆ, ಈಗ ಮರಿ ಹಾಕುವ ಕಾಲ, ಹದಿನಾಲ್ಕು ದಿನ ಯಾರ ಮನೆಯಲ್ಲಿ ಕೂಡಲಿ ಎಂದಳು. ಉಳವಪ್ಪ ರೋಗದ ಬಗ್ಗೆ ಎಷ್ಟು ಹೇಳಿದರೂ ಅವಳು ಮರಿಗಳ ಕಡೆಗೇ ನೋಡುತ್ತಿದ್ದಳು.

ಮಾಯಪ್ಪ ನಡುವೆ ಬಂದ. “ಆ ನಾಯಿ ತಂದು ಬಿಟ್ಟಾಂವ ನಾನ ಯವ್ವಾ. ಸಾಯಿಸಂತ ಕೊಟ್ಟಿದ್ರು, ನಾ ಬಿಟ್ಟೆ.”

ಭರಮವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಎಲ್ಲಿಯವನು, ಯಾರ ಮನೆತನ ಎಂದೆಲ್ಲ ವಿಚಾರಿಸಿದಳು. ಕೊನೆಗೆ ಹೆಗಲ ಮೇಲಿನ ಕಂಬಳಿ ತೆಗೆದು ಅವನ ಕೈಗೆ ಕೊಟ್ಟಳು.

“ಹಂಗಾರ ಹದಿನಾಕ ದಿನ ನೀನ ಕುರಿ ಹಿಂದ ನಡಿ. ಒಂದ ಮರಿ ಕಡಿಮಿ ಆದ್ರೂ ನಿನ್ನ ಬಿಡಂಗಿಲ್ಲ.”

ಖಾನಾಪುರದಲ್ಲಿ ಅವಳಿಗೆ ಇಳಿದುಕೊಳ್ಳಲು ಜಾಗ ಕೊಟ್ಟವಳು ಶಿವಬಸವ್ವ. ತನ್ನ ಗಂಡನೂ ದಿನಾ ಸೂಜಿಗೆ ಹೋಗುವವರೇ, ಇಬ್ಬರೂ ಕೂಡಿ ಹೋಗಲಿ ಎಂದು ಪಡಸಾಲೆಯಲ್ಲಿ ಚಾಪೆ ಹಾಸಿಕೊಟ್ಟಳು. ಬೆಳಿಗ್ಗೆ ಬಾಳಾಸಾಹೇಬ ಮುಂದೆ, ಭರಮವ್ವ ಹಿಂದೆ ದವಾಖಾನೆಗೆ ಹೋಗುವರು. ಉಳವಪ್ಪ ರೈಲಿಳಿದು ಥರ್ಮಾಸು ಹಿಡಿದು ಅಲ್ಲಿ ಕಾಯುತ್ತಿರುವನು. ಅಡವಿಯ ಮಾತು, ಕುರಿಯ ಮಾತು ಆಡುತ್ತ ಇಬ್ಬರೂ ಹೊಟ್ಟೆ ಒತ್ತಿಕೊಂಡು ವಾಪಸಾಗುವರು. ಶಿವಬಸವ್ವ ಉಳವಪ್ಪನಿಗೆ ದಿನಾ ರೊಟ್ಟಿ ಕಟ್ಟಿಕೊಡುವಳು. ಇಂಥ ಅಧಿಕಾರಿಯನ್ನು ತಾನು ನೋಡಿಲ್ಲ, ನಿಮ್ಮ ಹೊಟ್ಟೆ ತಣ್ಣಗಿರಲಿ ಎನ್ನುವಳು. ಆ ರೊಟ್ಟಿಯನ್ನು ಅವನು ರೈಲಿನಲ್ಲಿ ಬಿಚ್ಚಿ, ತಿನ್ನಲಾರದೆ ಯಾರಿಗಾದರೂ ಕೊಟ್ಟುಬಿಡುತ್ತಿದ್ದ. ಭರಮವ್ವ ನಾಯಿಯ ಮಾತನ್ನು ಅವನ ಪಾಲಿಗೇ ಬಿಟ್ಟಿದ್ದಳು; ಇವತ್ತು ನಿಜ ಹೇಳಬೇಕು ಎಂದುಕೊಂಡೇ ಅವನು ಬರುತ್ತಿದ್ದ. ಅವಳ ಮುಖ ನೋಡಿದ ಕೂಡಲೇ ನಾಳೆ ಎಂದುಕೊಳ್ಳುತ್ತಿದ್ದ.

ಈ ನಡುವೆ ಖಾನಾಪುರದವರು ಊರಿಗೆ ಬಂದ ಹೊಸ ನಾಯಿಗಳನ್ನೆಲ್ಲ ಹುಡುಕಿ ಹುಡುಕಿ ಬಡಿದರು. ಆ ಸುದ್ದಿಯನ್ನು ಗದ್ದೆಗೆ ಹೋಗಿ ಮಾಯಪ್ಪನಿಗೆ ಹೇಳಿದವನು ಉಳವಪ್ಪನೇ. ಮಾಯಪ್ಪ ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಎಷ್ಟು ಎಂದು ಕೇಳಿದ. ಗೊತ್ತಿಲ್ಲ ಎಂದ ಉಳವಪ್ಪ. ಅವನು ಮತ್ತೆ ಮುಳ್ಳಿನ ಕಡೆ ಬಗ್ಗಿದ.

ಮಾರ್ಚ್ ಒಂದಕ್ಕೆ ಬಾಳಾಸಾಹೇಬರ ಹದಿನಾಲ್ಕು ಸೂಜಿ ಮುಗಿದವು. ಶಿವಬಸವ್ವ ಸಜ್ಜಕದ ಸಿಹಿ ಮಾಡಿ ಎಲ್ಲರಿಗೂ ಬಡಿಸಿದಳು. ಎರಡರಂದು ಬೆಳಿಗ್ಗೆ ಅವರಿಗೆ ಕೆನ್ನೆ ಚುರುಚುರು ಎನ್ನತೊಡಗಿತು. ಮಧ್ಯಾಹ್ನ ಚಹಾ ಕೈಯಲ್ಲಿ ಹಿಡಿದವರು ಕುಡಿಯಲಾರದೆ ಕಪ್ಪು ಬಸಿ ಕೆಳಗಿಟ್ಟರು. ಗಂಟಲು ಹಿಡಿದುಕೊಂಡಿತು. ಡಾಕ್ಟರು ನೋಡಿ, ಹೊರಗೆ ಬಂದು, ಉಳವಪ್ಪನ ಭುಜದ ಮೇಲೆ ಕೈಯಿಟ್ಟರು. ಎರಡು ದಿನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ ಕತ್ತಲು ಮಾಡಿ ಇಟ್ಟಿದ್ದರು. ಶಿವಬಸವ್ವ ಒಳಗಿನಿಂದ ಕದಲಲಿಲ್ಲ. ನಾಲ್ಕರಂದು ಗುರುವಾರ ನಸುಕಿನಲ್ಲಿ ಬಾಳಾಸಾಹೇಬ ತೀರಿಕೊಂಡರು.

ಭರಮವ್ವ ಅದಕ್ಕೂ ಮೊದಲೇ ಹೋಗಿಬಿಟ್ಟಿದ್ದಳು. ಎಲ್ಲ ಸೂಜಿ ಹಾಕಿಸಿಕೊಂಡವರಿಗೇ ಹೀಗಾದರೆ ತನಗೆ ಸೂಜಿ ಯಾಕೆ, ಸಾಯುವುದಾದರೆ ಕುರಿಯ ಹತ್ತಿರ ಸಾಯುತ್ತೇನೆ ಎಂದು ಎರಡನೇ ತಾರೀಖಿನ ಸಂಜೆಯೇ ಚಾಪೆ ಸುತ್ತಿಟ್ಟು ನಡೆದಿದ್ದಳು. ಅವಳಿಗೆ ಇನ್ನೂ ನಾಲ್ಕು ಸೂಜಿ ಬಾಕಿ. ಉಳವಪ್ಪನಿಗೆ ಅಲ್ಲಿ ಕೂಡಲೂ ಆಗಲಿಲ್ಲ, ಬಿಟ್ಟು ಹೋಗಲೂ ಆಗಲಿಲ್ಲ. ಮೂರರಂದು ಡಾಕ್ಟರ ಹತ್ತಿರ ಸೂಜಿ ಕೊಳವೆ ಇಸಿದುಕೊಂಡು ಗದ್ದೆಗೆ ಹೋದ. ಸಿಡುಬು, ಕಾಲರಾ ಎಂದು ಸಾವಿರಾರು ಜನರಿಗೆ ಚುಚ್ಚಿದ ಕೈ ಅದು. ಭರಮವ್ವ ಬೇಡವೆಂದಳು. ಉಳವಪ್ಪ ವಾದ ಮಾಡಲಿಲ್ಲ. ಗದ್ದೆಯ ಬದುವಿನ ಮೇಲೆ ಕುಳಿತುಬಿಟ್ಟ. ಬಿಸಿಲು ಏರಿತು. ಮಂಜು ಕರಗೀತೆಂದು ಅವನು ಥರ್ಮಾಸನ್ನು ಮತ್ತೆ ಮತ್ತೆ ನೆರಳಿಗೆ ಸರಿಸುತ್ತಿದ್ದ. ಕೊನೆಗೆ ಮಾಯಪ್ಪ ಅವಳ ಮುಂದೆ ನಿಂತು, ನೀನು ಸತ್ತರೆ ನಾನು ನಿನ್ನ ಮಂದಿಯ ಮುಂದೆ ನಿಲ್ಲಲಾರೆ ಎಂದ. ಅವಳು ಸೊಂಟದ ಸೀರೆ ಸಡಿಲ ಮಾಡಿಕೊಂಡು ಕುಳಿತಳು. ನಾಲ್ಕು ದಿನ ಹಾಗೇ ಗದ್ದೆಯಲ್ಲೇ ಸೂಜಿ ಮುಗಿಸಿದರು.

ಬಾಳಾಸಾಹೇಬರ ಮಣ್ಣು ಮಾಡಿ, ಭರಮವ್ವನ ಸೂಜಿ ಮುಗಿಸಿ ಬಂದ ಮೇಲೆ ಉಳವಪ್ಪ ಕಚೇರಿಯಲ್ಲಿ ಕುಳಿತು ಮೇಲಧಿಕಾರಿಗಳಿಗೆ ಎರಡು ಪುಟ ಬರೆದ. ಗುಂಡಿಗೆ ತಾನು ಹೋಗದೆ ಸಹಿ ಮಾಡಿದ್ದು, ಪೊಟ್ಟಣ ಮಾಯಪ್ಪನ ಕೈಗೆ ಕೊಟ್ಟದ್ದು, ನಾಯಿ ಬಿಟ್ಟದ್ದು, ಯಾವುದನ್ನೂ ಬಿಡಲಿಲ್ಲ. ತಮ್ಮಣ್ಣ ಓದಿ, ಮಾಯಪ್ಪನ ಹೆಸರಷ್ಟೇ ಇರಲಿ, ನಿನ್ನದನ್ನು ತೆಗೆ ಎಂದ. ತೆಗೆದರೆ ಅದರಲ್ಲಿ ಏನು ಉಳಿಯುತ್ತದೆ ಎಂದು ಉಳವಪ್ಪ ಕೇಳಿದ. ವಿಚಾರಣೆ ಬೇಸಗೆಯುದ್ದಕ್ಕೂ ನಡೆಯಿತು. ಮಾಯಪ್ಪನ ಕೆಲಸ ಹೋಯಿತು. ಉಳವಪ್ಪನ ಬಡ್ತಿ ನಿಂತಿತು. ಟಿಳಕವಾಡಿಯಿಂದ ತೆಗೆದು ಶಹಾಪುರದ ಸಂತೆಯ ಭಾಗಕ್ಕೆ ಹಾಕಿದರು, ನಾಯಿಯ ಕೆಲಸ ಬೇರೊಬ್ಬರಿಗೆ ಹೋಯಿತು. ಮಾಯಪ್ಪ ಕುರಿ ಹಿಂದೆ ನಡೆಯುತ್ತ ನಡೆಯುತ್ತ ಮನೆಮಂದಿಯೊಂದಿಗೆ ಭರಮವ್ವನ ಹಿಂಡಿನ ಜೊತೆ ಮೂಡಲ ಕಡೆಗೆ ಹೊರಟುಹೋದ.

ಶಿವಬಸವ್ವನಿಗೆ ಉಳವಪ್ಪ ನಿಜ ಹೇಳಿದ್ದು ಮಾರ್ಚ್ ಕೊನೆಯಲ್ಲಿ. ಅವಳು ಎಂದಿನಂತೆ ರೊಟ್ಟಿ ಬಡಿಯಲು ಏಳಹೋದಾಗ, ಬೇಡ, ಮೊದಲು ಕೇಳಿ ಎಂದು ಕುಂದರಿಸಿದ. ನೆಲ ನೋಡುತ್ತ ಎಲ್ಲ ಹೇಳಿದ.  

“ನಾಯಿ ಸಾಯೂದ ನೋಡಾಕ ಆಗಂಗಿಲ್ಲಂತ ನೀವು ಮಾರಿ ತಿರಿವಿದ್ರಿ,” ಎಂದಳು. “ನಾ ಎರಡ ದಿನ ಅವರ್ನ ನೋಡೀನಿ. ತಿರಿವಾಕ ನನಗ ಯಾವ ಕಡಿನೂ ಇರಲಿಲ್ಲ.”

ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಉಳವಪ್ಪ ಸಂಜೆಯ ರೈಲಿನ ತನಕ ಸ್ಟೇಷನ್ನಿನಲ್ಲಿ ಆ ತುದಿಯಿಂದ ಈ ತುದಿಗೆ ನಡೆದ.

ಆ ಮಳೆಗಾಲವೆಲ್ಲ ಅವನಿಗೆ ಭರಮವ್ವನದೇ ಯೋಚನೆ. ಈ ರೋಗ ಆರು ತಿಂಗಳ ಮೇಲೆ ಕಾಣಿಸಿಕೊಂಡದ್ದೂ ಇದೆಯೆಂದು ಅವನಿಗೆ ಗೊತ್ತಿತ್ತು. ಈರಣ್ಣ ಗಟ್ಟಿಮುಟ್ಟಾಗಿ ಭಟ್ಟಿಗೆ ಹೋಗುತ್ತಿದ್ದ. ಆದರೆ ಕುರಿಯವರ ವಿಳಾಸ ಯಾರ ಬಳಿ ಇರುತ್ತದೆ? ಮೂಡಲ ಕಡೆಯಿಂದ ಸಂತೆಗೆ ಬಂದವರನ್ನೆಲ್ಲ ಅವನು ವಿಚಾರಿಸಿದ. ಯಾರಿಗೂ ಗೊತ್ತಿರಲಿಲ್ಲ. ಸಂತೆಯಲ್ಲಿ ಕಂಬಳಿ ಹೊದ್ದ ಹೆಂಗಸು ಕಂಡರೆ ಹಿಂದೆ ಹೋಗಿ ಮುಖ ನೋಡಿ ಬರುತ್ತಿದ್ದ.

ಮರುವರ್ಷ ಜನವರಿಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಒಂದು ಭಾನುವಾರ ಖಾನಾಪುರಕ್ಕೆ ಹೋದ. ಊರಾಚೆಯ ಗದ್ದೆಯಲ್ಲಿ ಕುರಿ ತರುಬಿದ್ದರು. ಭರಮವ್ವ ಗದ್ದೆಯ ಯಜಮಾನನ ಜೊತೆ ಜಾಗದ ಸಲುವಾಗಿ ಜಗಳವಾಡುತ್ತಿದ್ದಳು. ಉಳವಪ್ಪ ಬದುವಿನ ಮೇಲೆ ಕುಳಿತುಕೊಂಡ.  ಅವಳು ಜಗಳ ಮುಗಿಸಿ ಬಂದು ಅವನನ್ನು ಗುರುತು ಹಿಡಿದಳು, ಮಾಯಪ್ಪ ಇನ್ನೊಂದು ಹಿಂಡಿನ ಜೊತೆ ಹಿಂದೆ ಬರುತ್ತಿದ್ದಾನೆ, ಚೆನ್ನಾಗಿದ್ದಾನೆ ಎಂದಳು. ತಾನು ಶಿವಬಸವ್ವನನ್ನು ನೋಡಲು ಹೋಗುವವಳು, ನೀವೂ ಬರ್ರಿ ಎಂದು ಕರೆದಳು. ಅವನು ಓಣಿಯ ತುದಿಯ ತನಕ ಹೋಗಿ ನಿಂತುಬಿಟ್ಟ. ಭರಮವ್ವ ಒಬ್ಬಳೇ ಒಳಗೆ ಹೋದಳು.

ಅರ್ಧ ತಾಸಿನ ಮೇಲೆ ಶಿವಬಸವ್ವ ಬಾಗಿಲಿಗೆ ಬಂದಳು. ಸೊರಗಿದ್ದಳು.  ಅವನು ತಾನೇ ನಾಲ್ಕು ಹೆಜ್ಜೆ ಹತ್ತಿರ ಬಂದ.

“ಈಗ ಆ ನಾಯಿ ಕೆಲಸ ಯಾರ ನೋಡತಾರು?”

“ಬ್ಯಾರೇದವ್ರು ಅದಾರ್ರಿ. ಹೊಸಬರು.”

“ನಮ್ಮನ್ಯಾಗ ಆದದ್ದು ಅವರಿಗೆ ಹೇಳೀರಿ?”

ಉಳವಪ್ಪ ಹೇಳಿರಲಿಲ್ಲ. ವಿಚಾರಣೆಯ ಕಾಗದಗಳು ಯಾವುದೋ ಕಪಾಟಿನಲ್ಲಿದ್ದವು. ಹೊಸ ಇನ್‌ಸ್ಪೆಕ್ಟರನನ್ನು ಅವನು ಹತ್ತು ಸಲ ನೋಡಿದ್ದರೂ ನಮಸ್ಕಾರಕ್ಕಿಂತ ಹೆಚ್ಚಿನ ಮಾತು ಆಡಿರಲಿಲ್ಲ. ಇಲ್ಲ ಎಂದು ತಲೆಯಲ್ಲಾಡಿಸಿದ. ಅವಳು ತಿರುಗಿ ಒಳಗೆ ಹೋದಳು. ಈ ಸಲ ಬಾಗಿಲು ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಉಳವಪ್ಪ ಶಹಾಪುರಕ್ಕೆ ಹೋಗುವ ಮೊದಲು ಟಿಳಕವಾಡಿಯ ಕಚೇರಿಗೆ ಹೋದ. ಹೊಸ ಇನ್‌ಸ್ಪೆಕ್ಟರ್ ಸಾತಪ್ಪ ಇಪ್ಪತ್ತೈದು ವರ್ಷದವನು, ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ನಾಯಿಗಳ ರಿಜಿಸ್ಟರು ತೆರೆದುಕೊಂಡು ಸಹಿ ಮಾಡುತ್ತ ಕುಳಿತಿದ್ದ. ಹಿರಿಯರು ಬಂದರೆಂದು ಎದ್ದು ನಿಂತು ಚಹಾ ಹೇಳಹೋದ. ಉಳವಪ್ಪ ಚಹಾ ಬೇಡವೆಂದು, ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ. ಖಾನಾಪುರದಲ್ಲಿ ಬಾಳಾಸಾಹೇಬ ಎಂಬ ಒಬ್ಬ ಫಾರೆಸ್ಟ್ ಗಾರ್ಡು ಇದ್ದರು ಎಂದು ಶುರು ಮಾಡಿದ. ಸಾತಪ್ಪ ಮೊದಲು ಮರ್ಯಾದೆಗೆ ತಲೆಯಾಡಿಸುತ್ತ ಕೇಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟ.